‘ಬೇರ್ಪಟ್ಟವರು’ ಎಂಬ ಅಂಕಣ: ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ದೃಷ್ಟಿಯಿಂದ

ಜನಗಣತಿಯ ಕೋಷ್ಟಕಗಳನ್ನು ಆಕರಗಳಾಗಿ ಬಳಸುವವರು ಮೊತ್ತಗಳನ್ನು ನೋಡುವಷ್ಟು ಎಚ್ಚರದಿಂದ ಅಂಕಣಗಳ ಶಿರೋನಾಮೆಗಳನ್ನು ನೋಡುವುದಿಲ್ಲ. 1931ರವರೆಗೆ ಅವಿವಾಹಿತರು, ವಿವಾಹಿತರು, ವಿಧವೆ-ವಿಧುರರು ಎಂಬ ಮೂರೇ ವಿಭಾಗಗಳಿದ್ದವು. 1961ರಲ್ಲಿ ವಿಚ್ಛೇದಿತರನ್ನೂ ಬೇರ್ಪಟ್ಟವರನ್ನೂ ಒಂದೇ ಅಂಕಣದಲ್ಲಿ ಕೂಡಿಸಲಾಯಿತು. ಇವರನ್ನು ಪ್ರತ್ಯೇಕಿಸಿದ 2011ರ ಗಣತಿಯಲ್ಲಿ ದೇಶದ ವಿಚ್ಛೇದಿತರು ಸುಮಾರು 13.6 ಲಕ್ಷ, ಬೇರ್ಪಟ್ಟವರು ಸುಮಾರು 35 ಲಕ್ಷವೆಂದು ತಿಳಿದುಬಂದಿತು.

ಈ ಬೆಳಕು ಹಳ್ಳಿಯವರೆಗೆ ತಲಪಿಲ್ಲ. ಗ್ರಾಮವಾರು ದೊರೆಯುವ ಪ್ರಾಥಮಿಕ ಗಣತಿ ಸಾರದಲ್ಲಿ ವೈವಾಹಿಕ ಸ್ಥಿತಿಯ ಅಂಕಣವೇ ಇಲ್ಲ. ಮೇಲಾಗಿ, ಮಳೆ ಕೈಕೊಟ್ಟು ಶೇಂಗಾ ಬೆಳೆ ಒಣಗಿದ ವರ್ಷ ಕೂಲಿಗೆಂದು ಹೋದ ಗಂಡ ಹಿಂದಿರುಗದಿದ್ದರೆ, ಹೆಂಡತಿ ಗಣತಿದಾರನಿಗೆ ಏನೆಂದು ಹೇಳಿಯಾಳು? ‘ದುಡಿಯಲು ಹೋಗಿದ್ದಾರೆ’ ಎಂದೇ ಹೇಳುವಳು. ಆಕೆ ವಿವಾಹಿತಳೆಂದು ದಾಖಲಾಗುವಳು. ಇದು ಸುಳ್ಳಲ್ಲ, ಮಾನ ಕಾಯ್ದುಕೊಳ್ಳುವ ಮಾತು.

ನೆರವಿನ ಯೋಜನೆಗಳಲ್ಲಿಯೂ ಇದೇ ತೊಡಕು ಕಾಣಬರುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಮನೆಯ ಹಿರಿಯ ಸ್ತ್ರೀಯನ್ನು ಪಡಿತರ ಚೀಟಿಯ ಯಜಮಾನಿಯನ್ನಾಗಿ ಮಾಡಿತು. ಇದು ಶ್ಲಾಘ್ಯವೇ ಸರಿ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಮಾಸಿಕ 2,000 ರೂಪಾಯಿ ಆ ಯಜಮಾನಿಗೆ, ಕುಟುಂಬಕ್ಕೊಬ್ಬಳಿಗೆ ಮಾತ್ರ, ಸಲ್ಲುತ್ತದೆ. ಮಕ್ಕಳೊಡನೆ ತವರಿಗೆ ಮರಳಿದ ಮಗಳು ತಾಯಿಯ ಚೀಟಿಗೆ ಸೇರಿದರೆ ಯಜಮಾನಿ ತಾಯಿಯೇ; ಗಂಡನ ಮನೆಯ ಚೀಟಿಯಲ್ಲಿ ಉಳಿದರೆ ಅತ್ತೆ. 2013ರ ಮನಸ್ವಿನಿ ಯೋಜನೆಯಾದರೋ ನಲವತ್ತು ದಾಟಿದ ಅವಿವಾಹಿತ, ವಿಚ್ಛೇದಿತ ಮಹಿಳೆಯರನ್ನು ಉದ್ದೇಶಿಸಿದುದು. ಇಪ್ಪತ್ತೈದರಲ್ಲಿ ಪರಿತ್ಯಕ್ತೆಯಾದವಳು ಆ ಎರಡರಲ್ಲಿ ಯಾವುದೂ ಅಲ್ಲ.

ಮೊಳಕಾಲ್ಮೂರಿನಲ್ಲಿ ಇನ್ನೊಂದು ತೊಡಕುಂಟು. ನೆರೆಯ ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯದು, ಈಗ ಆಂಧ್ರದ್ದು. ನಂಟಸ್ತಿಕೆ ಗಡಿಯನ್ನು ಲೆಕ್ಕಿಸುವುದಿಲ್ಲ, ಪಡಿತರ ಚೀಟಿ ಲೆಕ್ಕಿಸುತ್ತದೆ. ಅಲ್ಲಿಗೆ ಕೊಟ್ಟ ಹೆಣ್ಣು ಮರಳಿ ಬಂದರೆ ಆಕೆಯ ಹೆಸರು ಮತ್ತೊಂದು ರಾಜ್ಯದ ಪಟ್ಟಿಯಲ್ಲಿರುತ್ತದೆ.

ಪರಿತ್ಯಾಗಕ್ಕೆ ದಾಖಲೆಯಿಲ್ಲ, ಪರಿಶೀಲನೆ ಅಸಾಧ್ಯ ಎಂಬ ಆಕ್ಷೇಪ ಬರಬಹುದು. ಇದನ್ನು ಪೂರ್ಣವಾಗಿ ಒಪ್ಪಲಾಗದು. ವಾಸಸ್ಥಳ, ಆದಾಯಗಳಿಗೆ ಗ್ರಾಮ ಆಡಳಿತಾಧಿಕಾರಿಯ ಸ್ಥಳವಿಚಾರಣೆ ಸಾಕೆನ್ನುವ ಆಡಳಿತಕ್ಕೆ ಇದೊಂದು ವಿಷಯದಲ್ಲಿ ಅದು ಏಕೆ ಸಾಲದು?

2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟು, 1-3-2027 ಅದರ ಆಧಾರ ದಿನವೆಂದು 2025ರಲ್ಲಿ ಪ್ರಕಟವಾಯಿತು. ಅದರ ಗ್ರಾಮವಾರು ಸಾರದಲ್ಲಿ ಈ ಅಂಕಣವು ಮುದ್ರಿತವಾದರೆ ಮಾತ್ರ ಚಳ್ಳಕೆರೆಯ ಸಂಖ್ಯೆಯ ಕುರಿತು ಮುಂದಿನ ಸಂಶೋಧಕರು ಏನನ್ನಾದರೂ ಹೇಳಬಲ್ಲರು.