ಮುದ್ರೆ ಮತ್ತು ಪ್ರಾಮಾಣ್ಯ: ದೂರದ ಯಂತ್ರಗಳಿಗೆ ತಂತ್ರಾಂಶ ರವಾನೆ, ಒಂದು ವಿಮರ್ಶೆ

ತಂತ್ರಾಂಶವನ್ನು ತಾನಾಗಿಯೇ ಕಟ್ಟಿ, ಪರೀಕ್ಷಿಸಿ, ದೂರದ ಗಣಕಯಂತ್ರಗಳಿಗೆ ರವಾನಿಸುವ ವ್ಯವಸ್ಥೆಗಳು ಇಂದು ಎಲ್ಲೆಡೆಯೂ ಬಳಕೆಯಲ್ಲಿವೆ. ಹೀಗೆ ಬಂದ ತಂತ್ರಾಂಶಕ್ಕೆ ತಯಾರಕರ ಡಿಜಿಟಲ್ ಸಹಿ ಇದ್ದರೆ ಸಾಕು, ಅದನ್ನು ನಂಬಬಹುದು ಎಂಬ ಅಭಿಪ್ರಾಯವೊಂದುಂಟು. ಇದನ್ನು ಇತಿಹಾಸದ ದೃಷ್ಟಿಯಿಂದ ವಿವೇಚಿಸುವುದು ನಮ್ಮ ಉದ್ದೇಶ.

ದೂರದ ಗ್ರಾಮಕ್ಕೆ ತಲುಪಿದ ಆಜ್ಞೆ ಅರಸನದೇ ಎಂದು ತಿಳಿಯುವುದು ಹೇಗೆಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಸಂಡೂರಿಗೆ ಸಮೀಪದ ಹಂಪೆಯಿಂದ ಆಳಿದ ವಿಜಯನಗರದ ಅರಸರ ತಾಮ್ರಶಾಸನಗಳು ಬಹುಮಟ್ಟಿಗೆ ನಂದಿನಾಗರಿ ಲಿಪಿಯಲ್ಲಿವೆ; ಆದರೆ ಅನೇಕ ಶಾಸನಗಳ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಕನ್ನಡ ಅಕ್ಷರಗಳಲ್ಲಿದೆ. ಆದರೂ ಮುದ್ರೆ, ಅಂಕಿತಗಳನ್ನು ಕಂಡ ಮಾತ್ರಕ್ಕೆ ವಿದ್ವಾಂಸರು ತೃಪ್ತರಾಗುವುದಿಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರಿಗೂ ರೈಸರಿಗೂ ನಡೆದ ವಾದ ಪ್ರಸಿದ್ಧವೇ ಆಗಿದೆ. ಲಿಪಿ, ತಿಥಿ, ವಂಶಾವಳಿಗಳು ಒಂದಕ್ಕೊಂದು ಹೊಂದಿದಾಗಲೇ ಶಾಸನಕ್ಕೆ ಪ್ರಾಮಾಣ್ಯ.

ಸಂಡೂರಿನವರಿಗೆ ಇನ್ನೂ ಹತ್ತಿರದ ನಿದರ್ಶನವುಂಟು. ಬಳ್ಳಾರಿ ಜಿಲ್ಲೆಯ ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತ ವರದಿಗಳು ಪರವಾನಿಗೆಯಿಲ್ಲದ ಸಾಗಣೆಯನ್ನು ಮಾತ್ರವಲ್ಲದೆ ಮಿತಿಮೀರಿ ಅದಿರು ತುಂಬಿದ ಲಾರಿಗಳನ್ನೂ ಬಯಲಿಗೆಳೆದವು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿಯಿತು. ಪರವಾನಿಗೆಯ ಮುದ್ರೆ ನಿಜವಿದ್ದರೂ ಲಾರಿಯ ಭಾರ ಸುಳ್ಳಾಗಿರಬಹುದು.

ತಂತ್ರಾಂಶದಲ್ಲಿಯೂ ಹೀಗೆಯೇ ಆಯಿತು. ಸೋಲಾರ್‌ವಿಂಡ್ಸ್ ಸಂಸ್ಥೆಯ ಓರಿಯನ್ ತಂತ್ರಾಂಶವನ್ನು ಕಟ್ಟುವ ಯಂತ್ರದೊಳಗೇ ದುಷ್ಟರು ನುಸುಳಿದ್ದ ಸಂಗತಿ 2020ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದಿತು. ಕೆಟ್ಟ ಭಾಗ ಸೇರಿದ ಬಳಿಕ ಸಂಸ್ಥೆಯ ನಿಜವಾದ ಸಹಿಯೇ ಬಿದ್ದಿತು. ಸುಮಾರು 18,000 ಗ್ರಾಹಕರಿಗೆ ಅದು ತಲುಪಿತೆಂದು ಅಂದಾಜು. ಕೂಟಲೇಖಕನು ಟಂಕಸಾಲೆಯ ಹೊರಗಿರಲಿಲ್ಲ, ಒಳಗೇ ಇದ್ದನು. ಸಹಿಯು ಕೈಯನ್ನು ಸಾರುತ್ತದೆಯೇ ಹೊರತು ಆ ಕೈಗೆ ಬಂದ ಪಾಠ ಶುದ್ಧವೆಂದು ಸಾರುವುದಿಲ್ಲ.

ಆದರೆ ಹೋಲಿಕೆಗೆ ಒಂದು ಮಿತಿಯುಂಟು. ಕೂಟಶಾಸನವನ್ನು ಶತಮಾನಗಳ ಬಳಿಕವೂ ಪರೀಕ್ಷಿಸಬಹುದು. ತಂತ್ರಾಂಶವಾದರೋ ತಲುಪಿದೊಡನೆ ಕಾರ್ಯಾರಂಭ ಮಾಡುತ್ತದೆ. ಆದುದರಿಂದ ಪರೀಕ್ಷೆ ಮೊದಲೇ ನಡೆಯತಕ್ಕದ್ದು. ಸಹಿಯಿಲ್ಲದುದನ್ನು ದೂರದ ಯಂತ್ರವು ಸ್ವೀಕರಿಸಬಾರದು; ಕಳುಹಿಸುವ ಯಂತ್ರವೂ ತಾನು ತಲುಪಿದ್ದು ಉದ್ದೇಶಿತ ಯಂತ್ರವನ್ನೇ ಎಂದು ಅದರ ಗುರುತಿನ ಕೀಲಿಯಿಂದ ಖಚಿತಪಡಿಸಿಕೊಳ್ಳಬೇಕು. ರವಾನೆಯ ಕೀಲಿಗೆ ಒಂದೇ ಕೆಲಸದ ಅಧಿಕಾರವೂ ಅಲ್ಪಾಯುಷ್ಯವೂ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಂದೇ ಮೂಲವನ್ನು ಎರಡು ಸ್ವತಂತ್ರ ಕಡೆಗಳಲ್ಲಿ ಕಟ್ಟಿ ಫಲಿತಗಳು ಅಕ್ಷರಶಃ ಒಂದೇ ಆಗಿವೆಯೇ ಎಂದು ನೋಡಬೇಕು. ಡೆಬಿಯನ್ ಬಳಗವು 2013ರಿಂದ ನಡೆಸಿರುವ ಈ ಪ್ರಯತ್ನವು ಗ್ರಂಥಸಂಪಾದಕರು ಪ್ರತಿಗಳನ್ನು ಒಪ್ಪಹಚ್ಚಿ ನೋಡುವ ಕ್ರಮಕ್ಕೆ ಸಮೀಪವಾದುದು.

ಇದು ಕೇವಲ ತಂತ್ರಜ್ಞರ ವಿಷಯವೆಂದು ನಾವು ಉದಾಸೀನರಾಗುವಂತಿಲ್ಲ. ‘ಭೂಮಿ’ ಯೋಜನೆಯಿಂದ ರಾಜ್ಯದ ತಾಲ್ಲೂಕುಗಳಲ್ಲಿ ಪಹಣಿಯು ಗಣಕಯಂತ್ರಕ್ಕೆ ಸೇರಿತು. ತಿದ್ದುಪಡಿ ಮಾಡುವ ಅಧಿಕಾರಿಯ ಗುರುತಿಗೆ ಬೆರಳಚ್ಚನ್ನು ಅಳವಡಿಸಿದುದು ಶ್ಲಾಘ್ಯವೇ ಸರಿ. ಆದರೆ ಬೆರಳನ್ನು ಗುರುತಿಸುವುದೂ ತಂತ್ರಾಂಶವೇ. ಬರೆದ ಕೈಯಷ್ಟೇ ಬರೆಸಿದ ಯಂತ್ರಕ್ಕೂ ಸಾಕ್ಷ್ಯವಿರಬೇಕು. ಇಲ್ಲವಾದರೆ ರೈತನ ಹೊಲದ ಹಕ್ಕು ನಿಂತಿರುವುದು ಪರೀಕ್ಷಿಸದ ಮುದ್ರೆಯ ಮೇಲೆಯೇ ಎಂದು ಹೇಳಬೇಕಾಗುತ್ತದೆ.