ಮಿತ್ರನ ಕಥೆಯೋ ಮಿತ್ರಾಳ ಕಥೆಯೋ: ಉತ್ತಮ ಪುರುಷದ ಲಿಂಗ ಮತ್ತು ರಂಗದ ಮೇಲಿನ ಸಲಿಂಗಪ್ರೇಮ

ವಿಜಯ ತೆಂಡೂಲ್ಕರರ ಮರಾಠಿ ನಾಟಕ ‘ಮಿತ್ರಾಚೀ ಗೋಷ್ಟ’ 1981ರಲ್ಲಿ ವಿನಯ್ ಆಪ್ಟೆಯವರ ನಿರ್ದೇಶನದಲ್ಲಿ ರಂಗಕ್ಕೆ ಬಂದಿತು. ಮಿತ್ರಾಳ ಪಾತ್ರ ರೋಹಿಣಿ ಹಟ್ಟಂಗಡಿಯವರದು. ಹೆಣ್ಣು ಹೆಣ್ಣನ್ನು ಪ್ರೀತಿಸುವುದನ್ನೇ ವಸ್ತುವಾಗಿಸಿಕೊಂಡ ಆಧುನಿಕ ಭಾರತೀಯ ನಾಟಕಗಳಲ್ಲಿ ಇದು ಮೊದಲ ಸಾಲಿನದು. ಷೋಲೆಮ್ ಆಷ್ ಅವರ ಯಿಡ್ಡಿಷ್ ನಾಟಕ ‘ಗಾಡ್ ಆಫ್ ವೆಂಜನ್ಸ್’ ಇಂಗ್ಲಿಷಿನಲ್ಲಿ ಆಡಲ್ಪಟ್ಟು 1923ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಮೆಟ್ಟಿಲೇರಿದ್ದನ್ನು ನೆನೆದರೆ, ತೆಂಡೂಲ್ಕರರ ವಸ್ತುವಿನ ಧೈರ್ಯವೇ ವಿಮರ್ಶೆಯ ಕೇಂದ್ರವಾಗುವುದು ಸಹಜ. ನಮ್ಮ ಕುತೂಹಲ ಶೀರ್ಷಿಕೆಯ ಒಂದು ವಿಭಕ್ತಿರೂಪದಲ್ಲಿದೆ.

ಮರಾಠಿಯಲ್ಲಿ ‘ಮಿತ್ರ’ ಪುಲ್ಲಿಂಗ ನಾಮಪದ. ವಿಭಕ್ತಿಪ್ರತ್ಯಯಕ್ಕೆ ಮೊದಲು ಅದು ‘ಮಿತ್ರಾ’ ಎಂದಾಗುತ್ತದೆ. ಸುಮಿತ್ರಾಳ ಕರೆಹೆಸರಾದ ‘ಮಿತ್ರಾ’ ಇಂದಿನ ಬಳಕೆಯಲ್ಲಿ ಹಾಗೆಯೇ ಉಳಿಯುತ್ತದೆ. ಹೀಗಾಗಿ ‘ಮಿತ್ರಾಚೀ’ ಎಂಬುದು ಗೆಳೆಯನದೂ ಹೌದು, ಆಕೆಯದೂ ಹೌದು. ಕನ್ನಡದ ಷಷ್ಠಿ ಈ ಸಂದಿಗ್ಧವನ್ನು ಉಳಿಸಿಕೊಡದು; ‘ಮಿತ್ರನ’ ಎನ್ನಬೇಕು, ಇಲ್ಲವೇ ‘ಮಿತ್ರಾಳ’ ಎನ್ನಬೇಕು. ಗೌರಿ ರಾಮನಾರಾಯಣ್ ಅವರ ಇಂಗ್ಲಿಷ್ ಅನುವಾದದ ‘ಎ ಫ್ರೆಂಡ್ಸ್ ಸ್ಟೋರಿ’ ಎಂಬ ಹೆಸರು ಲಿಂಗವನ್ನು ತೆರೆದಿಟ್ಟುಕೊಂಡಿತು, ಆದರೆ ಹೆಸರಿನ ಶ್ಲೇಷೆಯನ್ನು ಬಿಟ್ಟುಕೊಟ್ಟಿತು.

ಕ್ರಿಯಾಪದದಲ್ಲಿ ಸ್ಥಿತಿ ತಿರುಗುಮುರುಗು. ಮರಾಠಿಯ ವರ್ತಮಾನದಲ್ಲಿ ‘ನಾನು ಮಾಡುತ್ತೇನೆ’ ಎನ್ನಲು ಗಂಡು ‘ಮೀ ಕರತೋ’ ಎಂದರೆ ಹೆಣ್ಣು ‘ಮೀ ಕರತೇ’ ಎನ್ನುತ್ತಾಳೆ. ನಾಟಕದೊಳಗಿನ ಕಾಲೇಜು ನಾಟಕದಲ್ಲಿ ಮಿತ್ರಾ ಪುರುಷಪಾತ್ರ ವಹಿಸುತ್ತಾಳೆ, ನಾಮಾಳತ್ತ ಅವಳ ಸೆಳೆತ ಬೆಳೆಯುವುದೂ ಅಲ್ಲಿಯೇ. ಅಂಥ ಪಾತ್ರದ ಮಾತಿಗೆ ಮರಾಠಿ ವ್ಯಾಕರಣ ಪುಲ್ಲಿಂಗರೂಪವನ್ನು ಕೇಳುತ್ತದೆ. ವೇಷ ಕಳಚಿದೊಡನೆ ಸ್ತ್ರೀಲಿಂಗವನ್ನು ಕೇಳುತ್ತದೆ. ಕನ್ನಡದ ‘ಪ್ರೀತಿಸುತ್ತೇನೆ’ಗೆ ಈ ಗಡಿಯೇ ಇಲ್ಲ. (ನಮ್ಮ ವ್ಯಾಕರಣ ಇದನ್ನು ‘ಉತ್ತಮ ಪುರುಷ’ ಎಂದು ಕರೆಯುವುದು ಬೇರೆ ಮಾತು.) ಕಥೆಯನ್ನು ನಿರೂಪಿಸುವ ಬಾಪುವಿನ ‘ನಾನು’, ಮಿತ್ರಾಳ ‘ನಾನು’ ಎರಡಕ್ಕೂ ಒಂದೇ ಪ್ರತ್ಯಯ. ಗಂಡೊಬ್ಬನ ಕಣ್ಣಿನಿಂದಷ್ಟೇ ಮಿತ್ರಾಳನ್ನು ಕಾಣುತ್ತೇವೆಂಬುದು ಈ ಕೃತಿಯ ನಿಜವಾದ ಮಿತಿಯೆಂದು ನಾವು ಭಾವಿಸುತ್ತೇವೆ. ಆ ಅಂತರವನ್ನು ಕನ್ನಡ ಕೊಂಚವಾದರೂ ಕಿರಿದಾಗಿಸಬಲ್ಲದು.

ಹಾಗೆಂದು ಕನ್ನಡ ಲಿಂಗವನ್ನು ಪೂರ್ತಿ ಮರೆಸುವುದಿಲ್ಲ. ‘ನಾನು ಬೇರೆಯವಳು’, ‘ನಾನು ಸೋತವಳು’ ಎಂಬ ನಾಮೀಕೃತ ರೂಪಗಳು ಮಾತನಾಡುವವರನ್ನು ತೋರಿಸಿಕೊಡುತ್ತವೆ. ಕೇಳುವವರನ್ನಂತೂ ಆಡುಮಾತು ಬಿಡುವುದೇ ಇಲ್ಲ: ಮರಾಠಿಯಲ್ಲಿ ‘ಅರೇ’, ‘ಅಗ’ ಇದ್ದಂತೆ ನಮ್ಮಲ್ಲಿ ‘ಕಣೋ’, ‘ಕಣೇ’, ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆ ‘ಕಣ್ಲಾ’, ‘ಕಣಮ್ಮಿ’. ‘ನೀನಂದ್ರೆ ಇಷ್ಟ ಕಣಮ್ಮಿ’ ಎಂಬ ಮಾತಿನಲ್ಲಿ ಪ್ರೀತಿಗೆ ಪಾತ್ರಳಾದವಳು ಹೆಣ್ಣೆಂಬುದು ಸ್ಪಷ್ಟ, ಪ್ರೀತಿಸುವವರು ಯಾರೆಂಬುದನ್ನು ವಾಕ್ಯ ಹೇಳದು. ಅದನ್ನು ಹೇಳುವುದು ರಂಗದ ಮೇಲೆ ನಿಂತ ದೇಹ, ದನಿ. ಮರಾಠಿಯಲ್ಲಿ ಪ್ರತ್ಯಯ ಹೊರುವ ಭಾರವನ್ನು ಇಲ್ಲಿ ನಟಿ ಹೊರಬೇಕು.

ಕನ್ನಡ ರಂಗಭೂಮಿಗೆ ಈ ಭಾರ ಹೊಸತಲ್ಲ. ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ಅವರ ಕಂಸನ ಪಾತ್ರ ಹೆಸರುವಾಸಿ. ಆ ನಾಟಕಗಳನ್ನು ಸಲಿಂಗಪ್ರೇಮದ ನಿರೂಪಣೆಯೆಂದು ಓದುವುದು ಆತುರವಾದೀತು. ಆದರೆ ಗಂಡಿನ ‘ನಾನು’ವನ್ನು ಹೆಣ್ಣಿನ ಬಾಯಲ್ಲಿ ಕೇಳಿ ಒಪ್ಪಿಕೊಂಡ ಪ್ರೇಕ್ಷಕರು ನಮ್ಮಲ್ಲಿದ್ದರೆಂಬುದಕ್ಕೆ ಅವು ಸಾಕ್ಷಿ.

ಆದ್ದರಿಂದ ಈ ನಾಟಕವನ್ನು ಕನ್ನಡಕ್ಕೆ ತರುವವರು ಕಾಣದ ಪ್ರತ್ಯಯದ ಜಾಗದಲ್ಲಿ ‘ಹೆಣ್ಣಾದ ನಾನು’ ಎಂಬಂಥ ವಿವರಣೆ ತುರುಕುವುದನ್ನು ನಾವು ಒಪ್ಪಲಾರೆವು. ‘-ಅವಳು’ ಎಂದು ಮುಗಿಯುವ ರೂಪಗಳನ್ನು ಮಿತ್ರಾ ಬಾಪುವಿನೆದುರು ತನ್ನನ್ನು ತೆರೆದುಕೊಳ್ಳುವ ದೃಶ್ಯದವರೆಗೆ ತಡೆದಿಟ್ಟರೆ, ‘ನಾನು ಬೇರೆಯವಳು’ ಎಂಬ ಮಾತಿನಲ್ಲಿ ಲಿಂಗಸೂಚನೆ ವ್ಯಾಕರಣದ ಕಡ್ಡಾಯವಾಗಿರದೆ ಅವಳ ಸ್ವಂತ ಆಯ್ಕೆಯಾಗಿ ಕೇಳಿಸುತ್ತದೆ. ಶೀರ್ಷಿಕೆಗಾದರೋ ಷಷ್ಠಿಯನ್ನೇ ಕೈಬಿಟ್ಟು ‘ಮಿತ್ರಾ’ ಎಂದಷ್ಟೇ ಇಡುವುದು ಮೇಲು.