ಕತ್ತರಿ ಯಾರ ಕೈಲಿರಬೇಕು?

ನಮ್ಮೂರಲ್ಲಿ ಸಾವಾದ ಮನೇಲಿ ಒಲೆ ಹಚ್ಚಲ್ಲ. ಅಕ್ಕಪಕ್ಕದವರೇ ಊಟ ತಂದುಕೊಡ್ತಾರೆ. ಹೋದ ವರ್ಷ ಒಂದು ಕಥಾ ಕಮ್ಮಟದಲ್ಲಿ ನಾನು ಓದಿದ ಕಥೆ ಹಾಗೇ ಮುಗೀತಿತ್ತು: ಜಗಳ ಆಡಿ ಮಾತು ಬಿಟ್ಟಿದ್ದ ಪಕ್ಕದ ಮನೆಯವಳು ಅನ್ನ-ಸಾರು ತಂದಿಡ್ತಾಳೆ. ‘ತುಂಬಾ ಭಾವುಕ ಆಯ್ತು, ಸಾವಿಗೇ ನಿಲ್ಸಿ’ ಅಂದ್ರು ಎಲ್ಲರೂ. ನಿಲ್ಲಿಸಿದೆ. ಕಥೆ ಚುರುಕಾಯ್ತು, ಆದರೆ ನನ್ನದು ಅನ್ನಿಸಲಿಲ್ಲ.

ಆಮೇಲೆ ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್ ಸಿಕ್ಕಿದ. ಹುಟ್ಟುಹಬ್ಬದ ದಿನ ಕಾರು ಗುದ್ದಿ ಆಸ್ಪತ್ರೆ ಸೇರಿದ ಹುಡುಗ. ಕೇಕ್ ಒಯ್ಯಲಿಲ್ಲ ಅಂತ ಫೋನ್ ಮಾಡಿ ಕಾಡುವ ಬೇಕರಿಯವನು. 1981ರ ಸಂಕಲನದಲ್ಲಿ ಸಂಪಾದಕ ಗಾರ್ಡನ್ ಲಿಶ್ ಕತ್ತರಿಸಿದ ಮೇಲೆ ಉಳಿದದ್ದು ‘ದಿ ಬಾತ್’. ಅದು ಫೋನ್ ಕರೆಯಲ್ಲೇ ನಿಂತುಬಿಡುತ್ತೆ. 1983ರ ಸಂಕಲನದಲ್ಲಿ ಕಾರ್ವರ್ ಅದನ್ನು ಪೂರ್ತಿಯಾಗಿ ಕೊಟ್ಟ: ‘ಎ ಸ್ಮಾಲ್, ಗುಡ್ ಥಿಂಗ್’. ಇಲ್ಲಿ ಹುಡುಗ ಸಾಯುತ್ತಾನೆ. ಅದೇ ಬೇಕರಿಯವನು ಅಪ್ಪ-ಅಮ್ಮನನ್ನು ಕೂರಿಸಿ ಬಿಸಿ ಬಿಸಿ ರೋಲ್ ತಿನ್ನಲು ಕೊಡುತ್ತಾನೆ.

ಮೊದಲನೆಯದು ಬೆಚ್ಚಿಬೀಳಿಸುತ್ತೆ. ಎರಡನೆಯದು ನಮ್ಮ ಜೊತೆ ಉಳಿಯುತ್ತೆ.

ಹಾಗಂತ ಕಮ್ಮಟ ಬೇಡ ಅಂತಲ್ಲ. ಕೋಡ್ ರಿವ್ಯೂ ಥರ, ಎಲ್ಲಿ ಎಡವಿದೆ ಅಂತ ಹೇಳೋರು ಬೇಕು. ಅವರು ಎಡವಿದ್ದೂ ನಿಜ: ಆ ಜಗಳ ನನ್ನ ತಲೆಯಲ್ಲಿತ್ತು, ಪುಟದ ಮೇಲಿರಲಿಲ್ಲ. ಹಾಗಾಗಿ ಅನ್ನ ತಂದದ್ದು ಬರೀ ಅಯ್ಯೋ ಪಾಪ ಅನ್ನೋ ಹಾಗಿತ್ತು. ಮೊದಲ ಪುಟದಲ್ಲಿ ಜಗಳ ಬರೆದೆ, ಅನ್ನ-ಸಾರು ವಾಪಸ್ ಇಟ್ಟೆ.

ಎಡವಿದ ಜಾಗ ಓದಿದವರು ತೋರಿಸಲಿ. ಕತ್ತರಿ ಮಾತ್ರ ಬರೆದವನ ಕೈಲೇ ಇರಲಿ.